ದೇವರಮನೆಯ ಗೋಡೆಗೆ ಬಂದ ಜಪಾನ್

ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಹಳೆಯ ಮನೆಯೊಂದು ಉರುಳಿದರೆ ತೇಗದ ಬಾಗಿಲಿಗೆ, ಕಂಬಕ್ಕೆ ಕೊಳ್ಳುವವರು ಕೂಡಲೇ ಸಿಗುತ್ತಾರೆ. ದೇವರಮನೆಯ ಗೋಡೆಯಲ್ಲೋ ತುಳಸಿಕಟ್ಟೆಯಲ್ಲೋ ಕೂರಿಸಿದ್ದ ಆರಂಗುಲದ ಬಣ್ಣದ ಟೈಲ್ಸ್‌ಗೆ ಆ ಅದೃಷ್ಟವಿಲ್ಲ. ಅನೇಕ ವೇಳೆ ಅದು ಇಟ್ಟಿಗೆಚೂರಿನೊಂದಿಗೆ ಲಾರಿ ಹತ್ತುತ್ತದೆ. ಹೀಗೆ ಹೋಗುವುದನ್ನು ಆರಿಸಿ, ತೊಳೆದು, ಜೋಪಾನ ಮಾಡುವುದೂ ಒಂದು ಹವ್ಯಾಸ. ಮುಂದೆ ಲಕ್ಷ್ಮಿ, ಸರಸ್ವತಿ ಅಥವಾ ಕೃಷ್ಣ. ಬೆನ್ನು ತಿರುವಿದರೆ 'ಮೇಡ್ ಇನ್ ಜಪಾನ್' ಎಂಬ ಉಬ್ಬಚ್ಚು!

ನಮ್ಮ ದೇವರು ಜಪಾನಿನಿಂದ ಬಂದದ್ದು ಹೇಗೆ? ಒಣ ಮಣ್ಣಿನ ಪುಡಿಯನ್ನು ಯಂತ್ರದಲ್ಲಿ ಒತ್ತಿ ಟೈಲ್ಸ್ ಮಾಡುವ ವಿಧಾನ ಇಂಗ್ಲೆಂಡಿನದು. 1840ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಉಬ್ಬುಚಿತ್ರದ ಮೇಲೆ ಬಣ್ಣದ ಗಾಜುಲೇಪ ಹಚ್ಚಿ ಸುಟ್ಟ ಇವುಗಳಿಗೆ ಮಜೋಲಿಕಾ ಎಂದು ಹೆಸರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನೀಯರು ಈ ವಿದ್ಯೆಯನ್ನು ಕೈವಶ ಮಾಡಿಕೊಂಡರು. ಮೊದಲ ಮಹಾಯುದ್ಧದಲ್ಲಿ ಯುರೋಪಿನ ಸರಕು ಕಡಿಮೆಯಾದಾಗ ಏಷ್ಯಾದ ಪೇಟೆ ಅವರ ಪಾಲಾಯಿತು. ಆವಾಜಿ ದ್ವೀಪದ ದಾಂತೋ ಮುಂತಾದ ಕಂಪನಿಗಳು ತೈವಾನ್, ಆಗ್ನೇಯ ಏಷ್ಯಾ ಮತ್ತು ಭಾರತಕ್ಕೆ ಟೈಲ್ಸ್ ಕಳುಹಿಸಿದವು.

ಇಂಗ್ಲಿಷ್ ಮಾದರಿಯ ಗುಲಾಬಿ, ಬಳ್ಳಿಗಳ ಜೊತೆಗೆ ಭಾರತಕ್ಕೆಂದೇ ದೇವರ ಅಚ್ಚುಗಳೂ ಸಿದ್ಧವಾದವು. ಮಾದರಿ ದೂರದ್ದಲ್ಲ, ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಆರಂಭಿಸಿದ ಮುದ್ರಣಾಲಯದಿಂದ ಮನೆಮನೆಗೆ ಹರಡಿದ ಪಟಗಳ ಛಾಯೆ ಅವುಗಳಲ್ಲಿ ಕಾಣುತ್ತದೆ. ಕಾಗದದ ಪಟಕ್ಕೆ ತೇವ, ಗೆದ್ದಲುಗಳ ಭಯ. ಟೈಲ್ಸಿನ ದೇವರನ್ನು ಒದ್ದೆಬಟ್ಟೆಯಿಂದ ಒರೆಸಿದರೆ ಸಾಕು.

1941ರ ಕೊನೆಗೆ ಜಪಾನ್ ಯುದ್ಧಕ್ಕಿಳಿದ ಮೇಲೆ ಈ ವ್ಯಾಪಾರ ನಿಂತಿತು. ಜಯನಗರಕ್ಕೆ ಶಂಕುಸ್ಥಾಪನೆಯಾದದ್ದು 1948ರಲ್ಲಿ, ಜೆ.ಪಿ. ನಗರ, ಬನಶಂಕರಿ ಬಡಾವಣೆಗಳು ಇನ್ನೂ ಈಚಿನವು. ಆದ್ದರಿಂದ ಅಲ್ಲಿನ ಮನೆಯಲ್ಲಿ ಯುದ್ಧಪೂರ್ವದ ಟೈಲ್ಸ್ ಕಂಡರೆ, ಅದು ಬಹುಮಟ್ಟಿಗೆ ಬೇರೊಂದು ಗೋಡೆಯನ್ನು ಬಿಟ್ಟು ಬಂದದ್ದೇ.

ಬಿಡಿಸುವುದು ಸುಲಭದ ಕೆಲಸವಲ್ಲ. ಸುಣ್ಣದ ಗಾರೆಯಲ್ಲಿ ಕೂರಿಸಿದ್ದನ್ನು ಸಣ್ಣ ಉಳಿಯಿಂದ ಮೆಲ್ಲಗೆ ಎಬ್ಬಿಸಬಹುದು. ಸಿಮೆಂಟು ಹಿಡಿದಿದ್ದರೆ ಗಾರೆಗಿಂತ ಮೊದಲು ಟೈಲ್ಸೇ ಒಡೆಯುತ್ತದೆ. ಕೆಲವು ವಿನ್ಯಾಸಗಳಲ್ಲಿ ಒಂದು ಹೂ ಪೂರ್ತಿಯಾಗಲು ನಾಲ್ಕು ಟೈಲ್ಸ್ ಬೇಕು. ಒಂದು ಕಳೆದರೆ ಉಳಿದ ಮೂರೂ ಅರ್ಧ ಮಾತಿನಂತೆ.

ಕಾನೂನಿನ ಕಡೆಗೂ ಗಮನವಿರಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ, ನೂರು ವರ್ಷ ತುಂಬಿದ ಕುಶಲಕಲೆಯ ವಸ್ತು, ಕಟ್ಟಡದಿಂದ ಬೇರ್ಪಡಿಸಿದ ವಸ್ತು ಪ್ರಾಚ್ಯವಸ್ತುವಿನ ವ್ಯಾಖ್ಯೆಯೊಳಗೆ ಬರುತ್ತವೆ. ಅಂಥವನ್ನು ಖಾಸಗಿ ವ್ಯಕ್ತಿಗಳು ವಿದೇಶಕ್ಕೆ ಸಾಗಿಸುವಂತಿಲ್ಲ. 1920ರ ದಶಕದ ಮೊದಲ ವರ್ಷಗಳ ಟೈಲ್ಸ್ ಈಗ ಆ ವಯಸ್ಸನ್ನು ದಾಟಿವೆ.

ಇಲ್ಲೊಂದು ಇಕ್ಕಟ್ಟೂ ಇದೆ. ಟೈಲ್ಸ್‌ಗೆ ಬೆಲೆ ಬಂದಷ್ಟೂ, ಗಟ್ಟಿಯಾಗಿ ನಿಂತ ಗೋಡೆಯಿಂದಲೇ ಅದನ್ನು ಕೀಳುವ ಆಸೆ ಹುಟ್ಟುತ್ತದೆ. ಬೆನ್ನಿನ ಮುದ್ರೆ ಅದು ಯಾವ ದೇಶದ್ದೆಂದು ಹೇಳುತ್ತದೆಯೇ ಹೊರತು, ಯಾವ ಬೀದಿಯ ಯಾವ ಮನೆಯಲ್ಲಿ ದೀಪದ ಹಿಂದೆ ಇತ್ತೆಂದು ಹೇಳುವುದಿಲ್ಲ. ಮನೆ ಹೋಗುವುದು ಖಚಿತವಾದಾಗ ಮಾತ್ರ ಬಿಡಿಸಬೇಕು. ಬಿಡಿಸುವ ಮೊದಲು ಗೋಡೆಯ ಚಿತ್ರ ತೆಗೆದು, ಮನೆಯ ವಿಳಾಸವನ್ನೂ ಕೆಡವಿದ ವರ್ಷವನ್ನೂ ಚೀಟಿಯಲ್ಲಿ ಬರೆದು ಜೊತೆಗಿಡಬೇಕು. ಆ ಚೀಟಿಯಿದ್ದರೆ, ಮನೆ ಹೋದ ಮೇಲೂ ಬೀದಿಯ ಕತೆಯಲ್ಲಿ ಒಂದಿಷ್ಟು ಉಳಿಯುತ್ತದೆ.