ಗಿಡ ಬಿಟ್ಟರೆ ಮದ್ದು ಮರೆಯುವ ಶಿಲೀಂಧ್ರ

ಪಶ್ಚಿಮ ಘಟ್ಟದ ಕಾಡಿನಲ್ಲಿ ದುರ್ವಾಸನೆ ಮರ ಎಂಬುದೊಂದಿದೆ. ಅದು ಹೂ ಬಿಟ್ಟಾಗ ಹತ್ತಿರ ಸುಳಿದವರಿಗೆ ಆ ಹೆಸರು ಯಾಕೆಂದು ಯಾರೂ ವಿವರಿಸಬೇಕಿಲ್ಲ. ನೋಥಪೊಡೈಟಿಸ್ ನಿಮ್ಮೋನಿಯಾನಾ ಎಂಬುದು ಅದರ ಶಾಸ್ತ್ರೀಯ ಹೆಸರು. ಮೂಗು ಮುಚ್ಚಿ ದಾಟಬೇಕಾದ ಈ ಮರಕ್ಕೆ ಕೊಡಲಿ ಬಿದ್ದದ್ದು ಅದರಲ್ಲಿರುವ ಕ್ಯಾಂಪ್ಟೊಥೆಸಿನ್‌ಗಾಗಿ.

ಈ ರಾಸಾಯನಿಕವನ್ನು ಮೊದಲು ಬೇರ್ಪಡಿಸಿದ್ದು ಚೀನಾ ಮೂಲದ ಮರವೊಂದರಿಂದ. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದೂರಬಾರ್‌ನಲ್ಲಿ ಹುಟ್ಟಿದ ಮನ್‌ಸುಖ್ ವಾನಿ ಆ ಕೆಲಸ ಮಾಡಿದರು. ಅದನ್ನು ಹಾಗೇ ರೋಗಿಗೆ ಕೊಟ್ಟರೆ ವಿಷ. ರಚನೆ ತಿದ್ದಿ ತಯಾರಿಸಿದ ಟೊಪೊಟೆಕಾನ್, ಇರಿನೊಟೆಕಾನ್‌ಗಳನ್ನು ಈಗ ಅಂಡಾಶಯ, ದೊಡ್ಡ ಕರುಳಿನ ಕ್ಯಾನ್ಸರ್‌ಗಳಿಗೆ ಬಳಸುತ್ತಾರೆ. ಜೀವಕೋಶ ಒಡೆದು ಎರಡಾಗುವ ಮುನ್ನ ಡಿಎನ್‌ಎ ನಕಲಾಗಬೇಕು. ಆಗ ಅದರ ಹುರಿ ಬಿಗಿಯುತ್ತದೆ. ಟೊಪೊಐಸೊಮರೇಸ್-1 ಎಂಬ ಕಿಣ್ವ ಒಂದು ಎಳೆ ಕತ್ತರಿಸಿ, ಬಿಗಿ ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಈ ಬೆಸುಗೆಗೆ ಅಡ್ಡ ಬರುತ್ತದೆ. ಬಿಡುವಿಲ್ಲದೆ ಒಡೆಯುವ ಕ್ಯಾನ್ಸರ್ ಕೋಶಕ್ಕೆ ಹೆಚ್ಚಿನ ಪೆಟ್ಟು.

ಮರ ಕಡಿಯದೆ ಮದ್ದು ಸಿಗುವುದೇ? 2005ರಲ್ಲಿ ಜಮ್ಮುವಿನ ವಿಜ್ಞಾನಿಗಳು ಇದೇ ಜಾತಿಯ ಮರದೊಳಗೆ ವಾಸಿಸುವ ಶಿಲೀಂಧ್ರವೊಂದು ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆಂದು ವರದಿ ಮಾಡಿದರು. ಗಿಡಕ್ಕೆ ರೋಗ ತರದೆ ಅದರ ಅಂಗಾಂಶದಲ್ಲೇ ಬಾಳುವ ಇಂಥವನ್ನು ಎಂಡೋಫೈಟ್ ಎನ್ನುತ್ತಾರೆ. ಹೊರಮೈಯ ಬೂಷ್ಟು ಬೆರೆಯದಂತೆ ಇವನ್ನು ಹೊರತೆಗೆಯುವುದು ನಾಜೂಕಿನ ಕೆಲಸ. ಎಲೆ, ತೊಗಟೆಯ ಚೂರುಗಳನ್ನು ಆಲ್ಕೋಹಾಲ್‌ನಲ್ಲೂ ಬ್ಲೀಚಿಂಗ್ ದ್ರಾವಣದಲ್ಲೂ ಅದ್ದಿ, ಶುದ್ಧ ನೀರಿನಲ್ಲಿ ತೊಳೆದು, ಆಲೂಗಡ್ಡೆ ಬೇಯಿಸಿದ ನೀರು ಹಾಕಿ ಮಾಡಿದ ಅಗರ್ ತಟ್ಟೆಯ ಮೇಲಿಡುತ್ತಾರೆ. ಕೊನೆಯ ಸಲ ತೊಳೆದ ನೀರನ್ನೂ ಬೇರೊಂದು ತಟ್ಟೆಗೆ ಹಚ್ಚುತ್ತಾರೆ. ಅದರಲ್ಲಿ ಏನೂ ಬೆಳೆಯದಿದ್ದರೆ ಮಾತ್ರ ಚೂರಿನ ಅಂಚಿನಿಂದ ಹೊರಚಾಚುವ ಬಿಳಿ ಎಳೆಗಳು ಒಳಗಿನವು ಎಂದು ನಂಬಬಹುದು.

ಹಾಗಾದರೆ ಟ್ಯಾಂಕಿನಲ್ಲಿ ಶಿಲೀಂಧ್ರ ಬೆಳೆಸಿ ಔಷಧ ತೆಗೆದರಾಯಿತಲ್ಲ! ಪತ್ರಿಕೆಗಳ ತಲೆಬರಹಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ನನಗೆ ಕುತೂಹಲ ಹುಟ್ಟಿಸುವುದು ಆಮೇಲಿನ ಕಥೆ. ತಟ್ಟೆಯಿಂದ ತಟ್ಟೆಗೆ ದಾಟಿಸುತ್ತ ಹೋದಂತೆ ಶಿಲೀಂಧ್ರ ಸೊಂಪಾಗಿಯೇ ಬೆಳೆಯುತ್ತದೆ, ಮದ್ದು ಮಾತ್ರ ಕಡಿಮೆಯಾಗುತ್ತ ಬರುತ್ತದೆ. ಆ ಚೀನೀ ಮರದೊಳಗಿನ ಫ್ಯುಸೇರಿಯಂ ಸೊಲಾನಿ ಎಂಬ ಶಿಲೀಂಧ್ರವನ್ನು ಪರೀಕ್ಷಿಸಿದ ಜರ್ಮನಿಯ ತಂಡಕ್ಕೆ 2011ರಲ್ಲಿ ಒಂದು ಕಾರಣ ಹೊಳೆಯಿತು: ತಯಾರಿಕೆಯ ಕೆಲವು ಕಿಣ್ವಗಳು ಶಿಲೀಂಧ್ರದ ಬಳಿಯೇ ಇವೆ, ನಡುವಿನ ಮುಖ್ಯ ಕಿಣ್ವವೊಂದು ಮಾತ್ರ ಗಿಡದ್ದು. ಅಂದರೆ ಮದ್ದು ಇಬ್ಬರ ಕೂಡುದುಡಿಮೆ. ತಾನೇ ತಯಾರಿಸಿದ ವಿಷಕ್ಕೆ ಶಿಲೀಂಧ್ರ ಬಲಿಯಾಗದಿರುವುದಕ್ಕೂ ಆ ತಂಡ ಉತ್ತರ ಕಂಡುಕೊಂಡಿತು. ಅದರ ಟೊಪೊಐಸೊಮರೇಸ್‌ನಲ್ಲಿ ಕೆಲವು ಅಮೈನೋ ಆಮ್ಲಗಳು ಬದಲಾಗಿವೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರೂ ಈ ಕುಸಿತವನ್ನು ಗಮನಿಸಿದ್ದರು. ಹಾಗೆ ದುರ್ಬಲವಾದ ಶಿಲೀಂಧ್ರವನ್ನು ಅವರು ಮರಳಿ ಗಿಡದೊಳಗೆ ಸೇರಿಸಿ ನೋಡಿದರು. ಕ್ಯಾಂಪ್ಟೊಥೆಸಿನ್ ತಯಾರಿಕೆ ಮತ್ತೆ ಚೇತರಿಸಿಕೊಂಡಿತು. 2015ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಇನ್ನೊಂದು ಉಪಾಯವೂ ಫಲ ಕೊಟ್ಟಿತ್ತು: ಡಿಎನ್‌ಎಗೆ ಮೀಥೈಲ್ ಗುಂಪು ಅಂಟದಂತೆ ತಡೆಯುವ ರಾಸಾಯನಿಕದ ಉಪಚಾರ. ಮೀಥೈಲ್ ಅಂಟಿದ ಜೀನ್ ಎಷ್ಟೋ ಸಲ ಬಾಯಿ ಮುಚ್ಚಿಕೊಳ್ಳುತ್ತದೆ. ಹಾಗಿದ್ದರೆ ಶಿಲೀಂಧ್ರದ ಜೀನ್‌ಗಳು ಕಳೆದುಹೋಗಿರಲಿಲ್ಲ, ಸುಮ್ಮನಾಗಿದ್ದವು ಅಷ್ಟೆ. ಗಿಡದ ಯಾವ ಸಂಕೇತ ಅವನ್ನು ಎಬ್ಬಿಸುತ್ತದೆಂದು ತಿಳಿದರೆ, ಅದನ್ನೇ ಟ್ಯಾಂಕಿಗೆ ಹಾಕಿ ನೋಡಬಹುದು.