ಎಂಜಿನ್ ಬದಲಿಸಿದ ತೋಟದ ಜೀಪು ಬಿಸಿಯೇರುವುದೇಕೆ?

ಹಳೆಯ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿ ತೋಟದ ಕೆಲಸಕ್ಕೆ ಅಣಿಮಾಡಿಕೊಳ್ಳುವುದು ಮಲೆನಾಡಿನಲ್ಲಿ ಬಹುಕಾಲದ ರೂಢಿ. ಒಂದರ ಚಾಸಿಸ್, ಇನ್ನೊಂದರ ಎಂಜಿನ್, ಮತ್ತೊಂದರ ರೇಡಿಯೇಟರ್ ಸೇರಿಸಿ ಮನೆಯಂಗಳದಲ್ಲೇ ಕಟ್ಟಿದ ಗಾಡಿಗಳೂ ಉಂಟು. (ರಸ್ತೆಗಿಳಿಸುವುದಾದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಾವಣೆಗೆ ಅನುಮತಿ ಪಡೆಯತಕ್ಕದ್ದು.) ಇಂಥ ಗಾಡಿಗಳ ದೊಡ್ಡ ಕಾಟವೆಂದರೆ ನೀರು ಕುದಿಯುವುದು. ಕೊಯ್ಲಿನ ನಡುವೆ ಹೆಡ್ ಸೀಳಿ ಗಾಡಿ ಶೆಡ್ಡಿನಲ್ಲಿ ನಿಂತರೆ ಆಗುವ ನಷ್ಟವನ್ನು ಬೆಳೆಗಾರರಿಗೆ ನಾವು ವಿವರಿಸಬೇಕಾಗಿಲ್ಲ.

ನೀರು ಕುದಿದೊಡನೆ ದೊಡ್ಡ ರೇಡಿಯೇಟರ್ ಕೊಳ್ಳುವವರೇ ಹೆಚ್ಚು. ಅದಕ್ಕೆ ಹಣ ಹಾಕುವ ಮುನ್ನ ಗಾಳಿಯ ದಾರಿಯನ್ನು ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಓಡುವಾಗ ಬಿಸಿಯೇರಿದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆಯೆಂದು ಶಂಕಿಸಬಹುದು. ಗೊಬ್ಬರದ ಮೂಟೆ ಹೇರಿ ಒಂದನೇ ಗೇರಿನಲ್ಲಿ ಏರು ಹತ್ತುವಾಗ ಮಾತ್ರ ಕುದಿದರೆ ಬಹುಮಟ್ಟಿಗೆ ದೋಷ ಗಾಳಿಯದು. ಆಗ ಎಂಜಿನ್ ಪೂರ್ಣ ದುಡಿಯುತ್ತಿರುತ್ತದೆ, ಗಾಡಿ ಮಾತ್ರ ಆಳಿನ ನಡಿಗೆಯಲ್ಲಿರುತ್ತದೆ. ಗಾಳಿ ಎಳೆಯುವ ಹೊಣೆಯೆಲ್ಲ ಫ್ಯಾನಿನದೇ.

ಎಂಜಿನ್ ಬದಲಿಸಿದ ಗಾಡಿಗಳಲ್ಲಿ ಫ್ಯಾನ್ ಸಾಮಾನ್ಯವಾಗಿ ರೇಡಿಯೇಟರಿನಿಂದ ದೂರ ಉಳಿಯುತ್ತದೆ, ಇಲ್ಲವೆ ಅದರ ನಡುವಿಗೆ ಸರಿಯಾಗಿ ಬರುವುದಿಲ್ಲ. ಸುತ್ತ ಕವಚವಿಲ್ಲದಿದ್ದರೆ ಅದು ಎಂಜಿನ್ ಬದಿಯ ಬಿಸಿಗಾಳಿಯನ್ನೇ ಮತ್ತೆ ಮತ್ತೆ ತಿರುವುತ್ತದೆ. ಟಿಂಕರಿಂಗ್ ಕೆಲಸದವರಿಂದ ತಗಡಿನ ಕವಚ ಮಾಡಿಸಿ ರೇಡಿಯೇಟರಿನ ಹಿಂಬದಿಯನ್ನೆಲ್ಲ ಮುಚ್ಚಿಸಿ, ಫ್ಯಾನಿಗೆ ಮಾತ್ರ ದುಂಡಗೆ ಬಾಯಿ ಬಿಡಿಸಬೇಕು. ರೆಕ್ಕೆಯ ಅಗಲದಲ್ಲಿ ಅರ್ಧದಷ್ಟು ಕವಚದೊಳಗಿರಲಿ. ರೆಕ್ಕೆಯ ತುದಿಗೂ ತಗಡಿಗೂ ಅರ್ಧದಿಂದ ಒಂದು ಇಂಚು ಅಂತರ ಬೇಕು, ಏಕೆಂದರೆ ಎಂಜಿನ್ ತನ್ನ ರಬ್ಬರುಗಳ ಮೇಲೆ ಅಲುಗುತ್ತದೆ. ರೇಡಿಯೇಟರಿನ ಅಕ್ಕಪಕ್ಕದ ಸಂದುಗಳಿಗೆ ಹಳೆಯ ಟ್ಯೂಬಿನ ತುಂಡು ಸಾಕು.

ಫ್ಯಾನನ್ನು ಹಿಂದುಮುಂದಾಗಿ ಬಿಗಿದಿರುವುದೂ ಉಂಟು. ಆಗಲೂ ಗಾಳಿ ಬರುವ ದಿಕ್ಕು ಅದೇ, ಆದರೆ ಎಳೆತ ಬಹಳ ಕಡಿಮೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಎಂಜಿನ್ ಓಡುತ್ತಿರುವಾಗ ರೇಡಿಯೇಟರಿನ ಮುಂದೆ ಒಂದು ಹಾಳೆ ಕಾಗದ ಹಿಡಿದು ನೋಡಿ. ಎಳೆತ ಚೆನ್ನಾಗಿದ್ದರೆ ಕಾಗದ ಅಂಟಿಕೊಂಡು ನಿಲ್ಲುತ್ತದೆ. ರೇಡಿಯೇಟರಿನ ಸಂದುಗಳಲ್ಲಿ ಅಡಿಕೆ ಸಿಪ್ಪೆಯ ನಾರು, ಹುಲ್ಲಿನ ಬೀಜ ಸಿಕ್ಕಿದ್ದರೆ ಹಿಂಬದಿಯಿಂದ ನೀರು ಬಿಟ್ಟು ತೊಳೆಯಬೇಕು.

ಇನ್ನು ನೀರಿನ ವಿಷಯ. ಹೊಸ ಎಂಜಿನ್ ರೇಡಿಯೇಟರಿಗಿಂತ ಎತ್ತರದಲ್ಲಿ ಕೂತಿದ್ದರೆ ಹೆಡ್ಡಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ನೀರು ತುಂಬುವ ಬಾಯಿ ಎಲ್ಲಕ್ಕಿಂತ ಮೇಲಿರಬೇಕು. ಆಗದಿದ್ದರೆ ಮೇಲೊಂದು ಸಣ್ಣ ಟ್ಯಾಂಕು ಕೂರಿಸಬೇಕು. ಥರ್ಮೋಸ್ಟಾಟ್ ಕಿತ್ತೆಸೆಯುವ ಸಲಹೆ ಎಲ್ಲ ಕಡೆಯೂ ಕೇಳಿಬರುತ್ತದೆ. ನಮಗೆ ಅದು ಒಪ್ಪಿಗೆಯಿಲ್ಲ. ಬೈಪಾಸ್ ಇರುವ ಕೆಲವು ಎಂಜಿನ್‌ಗಳಲ್ಲಿ ಅದನ್ನು ತೆಗೆದರೆ ಬಿಸಿನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ.

ಸಮುದ್ರಮಟ್ಟದಿಂದ 1000 ಮೀಟರು ಎತ್ತರದ ತೋಟದಲ್ಲಿ ನೀರು 100 ಡಿಗ್ರಿಗಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 7 ಪೌಂಡ್ ಒತ್ತಡದ ಮುಚ್ಚಳ ಸರಿಯಾಗಿದ್ದರೆ ಈ ಮಿತಿ ಹತ್ತು ಡಿಗ್ರಿಗೂ ಹೆಚ್ಚು ಮೇಲೇರುತ್ತದೆ. ಆದ್ದರಿಂದ ಮುಚ್ಚಳದ ವಾಷರ್ ಸವೆದಿದ್ದರೆ ಉದಾಸೀನ ಸಲ್ಲದು. ಹಾಗೆಂದು ಹಳೆಯ ರೇಡಿಯೇಟರಿಗೆ ಹೊಸ ಕಾರಿನ 13 ಪೌಂಡಿನ ಮುಚ್ಚಳ ಹಾಕಿದರೆ ಬೆಸುಗೆ ಬಿಡುತ್ತದೆ. ಗಡಸು ಬೋರ್‌ವೆಲ್ ನೀರು ಒಳಗೆ ಸುಣ್ಣ ಕಟ್ಟುತ್ತದೆ. ಶುದ್ಧವಾಗಿ ಹಿಡಿದ ಮಳೆನೀರಿಗೆ ಕೂಲೆಂಟ್ ಬೆರೆಸಿ ಹಾಕುವುದು ಲೇಸು.

ಏರಿನಲ್ಲಿ ಮುಳ್ಳು ಮೇಲೇರತೊಡಗಿದರೆ ಗಾಡಿ ನಿಲ್ಲಿಸಿ, ಬೆಲ್ಟೂ ನೀರೂ ಸರಿಯಿದ್ದರೆ ಎಂಜಿನ್ ನಿಧಾನವಾಗಿ ಓಡುತ್ತಿರಲಿ. ಬೆಲ್ಟು ಹರಿದಿದ್ದರೆ ಅಥವಾ ನೀರು ಸೋರಿಹೋಗಿದ್ದರೆ ಕೂಡಲೇ ಆರಿಸಬೇಕು. ಮೇಲಿನ ಹೋಸನ್ನು ಬರಿಗೈಯಲ್ಲಿ ಆರಾಮವಾಗಿ ಹಿಡಿಯುವಷ್ಟು ತಣಿಯುವವರೆಗೆ ಮುಚ್ಚಳ ಮುಟ್ಟಬೇಡಿ. ಕಾದ ಎಂಜಿನ್ನಿಗೆ ಹಳ್ಳದ ತಣ್ಣೀರು ಸುರಿದರೆ ಹೆಡ್ ಸೀಳೀತು.