8 ವೋಲ್ಟ್ 6 ಆಗೋದು ಯಾಕೆ?

ಬೇಸಿಕ್ ಎಲೆಕ್ಟ್ರಿಕಲ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಉರು ಹೊಡೆಯುವ ಫಾರ್ಮುಲಾಗಳ ಪಟ್ಟಿ. ಆದರೆ ರೆಸಿಸ್ಟರ್ ಸರ್ಕ್ಯೂಟ್ ಬಿಡಿಸೋಕೆ ಬೇಕಾದದ್ದು ಮೂರೇ: ಓಮ್ ನಿಯಮ ಮತ್ತು ಕಿರ್ಕಾಫ್‌ನ ಎರಡು ನಿಯಮಗಳು. ಕಿರ್ಕಾಫ್ ಇವನ್ನು ಮಂಡಿಸಿದ್ದು 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ. ಹೆಚ್ಚುಕಡಿಮೆ ನಮ್ಮದೇ ವಯಸ್ಸು!

ಕೆಸಿಎಲ್ ಹೇಳೋದು: ಒಂದು ನೋಡ್‌ಗೆ ಎಷ್ಟು ಕರೆಂಟ್ ಬರುತ್ತೋ ಅಷ್ಟೇ ಹೊರಗೆ ಹೋಗಬೇಕು. ಕಾಲುವೆ ಕವಲೊಡೆದ ಕಡೆ ನೀರು ಹಂಚಿಹೋದ ಹಾಗೆ. ಕೆವಿಎಲ್ ಹೇಳೋದು: ಒಂದು ಲೂಪ್ ಪೂರ್ತಿ ಸುತ್ತಿದರೆ ವೋಲ್ಟೇಜ್‌ಗಳ ಮೊತ್ತ ಸೊನ್ನೆ. ಬೆಟ್ಟ ಹತ್ತಿ ಹೊರಟ ಜಾಗಕ್ಕೇ ವಾಪಸ್ ಬಂದರೆ, ಹತ್ತಿದ್ದೂ ಇಳಿದದ್ದೂ ಸಮ ಅಲ್ವಾ?

ಈಗ ಒಂದು ಲೆಕ್ಕ ಮಾಡೋಣ. 12 ವೋಲ್ಟ್ ಸೋರ್ಸ್, ಅದಕ್ಕೆ ಸರಣಿಯಲ್ಲಿ 2 ಕಿಲೋಓಮ್, ಆಮೇಲೆ 4 ಕಿಲೋಓಮ್, ಅಲ್ಲಿಂದ ಗ್ರೌಂಡ್. ಎರಡೂ ಸೇರುವ ನೋಡ್‌ನಲ್ಲಿ ವೋಲ್ಟೇಜ್ ಎಷ್ಟು? ಡಿವೈಡರ್ ಫಾರ್ಮುಲಾ ಪ್ರಕಾರ 12 × 4/6, ಅಂದ್ರೆ 8 ವೋಲ್ಟ್. ಸರಿ. ಈಗ ಆ ನೋಡ್‌ನಿಂದ ಗ್ರೌಂಡ್‌ಗೆ ಇನ್ನೊಂದು 4 ಕಿಲೋಓಮ್ ಲೋಡ್ ಜೋಡಿಸೋಣ. ಈಗಲೂ 8 ಅಂತ ಬರೆದರೆ ಮಾರ್ಕ್ಸ್ ಹೋಯ್ತು!

ಯಾಕಂದ್ರೆ ಆ ಫಾರ್ಮುಲಾ ನಿಂತಿರೋದು ಎರಡೂ ರೆಸಿಸ್ಟರ್‌ಗಳಲ್ಲಿ ಒಂದೇ ಕರೆಂಟ್ ಹರಿಯುತ್ತೆ ಅನ್ನೋದರ ಮೇಲೆ. ಲೋಡ್ ಬಂದ ಕೂಡಲೇ ಅದು ಮುರಿಯಿತು. ಕೆಸಿಎಲ್ ಮುರಿಯಲ್ಲ. ನೋಡ್ ವೋಲ್ಟೇಜ್ V ಅಂತಿಟ್ಟುಕೊಂಡರೆ:

(12 − V)/2 = V/4 + V/4

ಬಿಡಿಸಿದರೆ V = 6 ವೋಲ್ಟ್. ತಾಳೆ ನೋಡೋಣ: ಒಳಗೆ 3 ಮಿಲಿಆಂಪ್, ಹೊರಗೆ 1.5 ಮತ್ತು 1.5. ಲೆಕ್ಕ ಸರಿಹೋಯ್ತು.

ಮಿನಿ ಪ್ರಾಜೆಕ್ಟ್‌ಗಳಲ್ಲೂ ಕಾಡೋದು ಇದೇ. ಎರಡು ರೆಸಿಸ್ಟರ್ ಹಾಕಿ 5 ವೋಲ್ಟ್ ತೆಗೀತೀವಿ, ಮೀಟರ್ 5 ತೋರಿಸುತ್ತೆ, ಮೋಟರ್ ಜೋಡಿಸಿದರೆ ತಿರುಗೋದೇ ಇಲ್ಲ. ಮೋಟರ್ ಕೆಟ್ಟಿರಬೇಕಾಗಿಲ್ಲ. ಅದು ಎಳೆಯುವ ಕರೆಂಟ್‌ನಿಂದ ಮೇಲಿನ ರೆಸಿಸ್ಟರ್‌ನಲ್ಲೇ ವೋಲ್ಟೇಜ್ ಬಿದ್ದುಹೋಗಿರುತ್ತೆ. ಥೆವನಿನ್ ಥಿಯರಮ್ ಹೇಳೋದೂ ಇದನ್ನೇ: ನಮ್ಮ ಡಿವೈಡರ್ ಹೊರಗಿನವರಿಗೆ 8 ವೋಲ್ಟ್ ಸೋರ್ಸ್ ಮತ್ತು ಸರಣಿಯಲ್ಲಿ 1.33 ಕಿಲೋಓಮ್ ಇದ್ದ ಹಾಗೆ ಕಾಣುತ್ತೆ.

ಕೊನೆಗೊಂದು ಮಾತು. ಕರೆಂಟ್ ದಿಕ್ಕು ಯಾವ ಕಡೆ ಅಂತ ತಲೆ ಕೆಡಿಸಿಕೊಳ್ಳೋದು ಬೇಡ. ಒಂದು ದಿಕ್ಕಿಗೆ ಬಾಣ ಹಾಕಿ, ಕೊನೇವರೆಗೂ ಅದನ್ನೇ ಪಾಲಿಸೋಣ. ಉತ್ತರ ಮೈನಸ್ ಬಂದರೆ ಲೆಕ್ಕ ತಪ್ಪು ಅಂತಲ್ಲ, ಕರೆಂಟ್ ಬಾಣಕ್ಕೆ ಎದುರಾಗಿ ಹರೀತಿದೆ ಅಷ್ಟೇ. ಮುಂದಿನ ಇಂಟರ್ನಲ್ಸ್‌ಗೆ ಕೂರೋ ಮುಂಚೆ ಲೋಡನ್ನು 1 ಕಿಲೋಓಮ್ ಮಾಡಿ ಇದೇ ಲೆಕ್ಕ ಎರಡೂ ದಾರಿಯಲ್ಲಿ ಬಿಡಿಸಿ ನೋಡಿ. ಉತ್ತರ ಒಂದೇ ಬರಬೇಕು.